ಬೀರುವಿನ ಕೊನೆಯ ಸೀಡಿ

ನಮ್ಮ ಆಸ್ಪತ್ರೆಯ ಗಣಕ ವಿಭಾಗದ ಮೂವತ್ತೊಂದು ವರ್ಷಗಳ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ, ಅದರ ಬಹುಭಾಗ ಒಬ್ಬರ ಕೈಬರಹದಲ್ಲಿ, ಸೀಡಿಗಳ ಮೇಲೆ, ಈಗಾಗಲೇ ಸಿದ್ಧವಾಗಿರುವುದನ್ನು ಕಾಣುತ್ತಾರೆ. ಹಿರಿಯ ತಂತ್ರಜ್ಞೆಯಾಗಿ ನಿವೃತ್ತರಾಗುತ್ತಿರುವ ಅವರನ್ನು ವೈದ್ಯರಿಂದ ಹಿಡಿದು ಕಾವಲುಗಾರರವರೆಗೆ ಎಲ್ಲರೂ ಕರೆಯುವುದು ‘ಸೀಡಿ ಅಕ್ಕ’ ಎಂದೇ. ಹಳೆಯ ಕಂಪ್ಯೂಟರುಗಳಿಗೆ ಮರುಜೀವ ಕೊಡುವ ಇನ್‌ಸ್ಟಾಲೇಷನ್ ಸೀಡಿ ಮಾಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕಾಣುವ ಆಸೆಯೂ ಇಲ್ಲ.

ಅಕ್ಕನದೊಂದು ಕಟ್ಟುನಿಟ್ಟು. ಸೀಡಿ ಬರೆದರೆ ಸಾಲದು. ವಿಭಾಗದ ಅತಿ ಮುದಿ ಕಂಪ್ಯೂಟರಿಗೆ ಅದನ್ನು ಹಾಕಿ, ಅದು ಆ ಸೀಡಿಯಿಂದಲೇ ಕಣ್ಣು ಬಿಟ್ಟರೆ ಮಾತ್ರ ಮೇಲೆ ದಿನಾಂಕವನ್ನೂ ಮಾಡಿದವರ ಹೆಸರನ್ನೂ ಬರೆಯುವುದು. ಬರೆದ ಮೇಲೂ ಹೆಸರು ಪಡೆಯದ ಸೀಡಿಗೆ ಅವರ ಬೀರುವಿನಲ್ಲಿ ಜಾಗವಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು, ರಕ್ತಪರೀಕ್ಷಾ ಯಂತ್ರದ ಕಂಪ್ಯೂಟರು ಬೆಳ್ಳಂಬೆಳಗ್ಗೆ ಮಲಗಿಬಿಟ್ಟಿತು. ಹಳೆಯ ಆಪರೇಟಿಂಗ್ ಸಿಸ್ಟಂ ಬಿಟ್ಟು ಬೇರೆಯದು ಅದಕ್ಕೆ ಒಗ್ಗದು, ಪೆನ್‌ಡ್ರೈವ್‌ನಿಂದ ಅದು ಏಳದು. ಇದ್ದ ಸೀಡಿ ಗೀರುಬಿದ್ದು ಕೈಕೊಟ್ಟಿತ್ತು. ಅಂಗಡಿಯವರು ಖಾಲಿ ಸೀಡಿ ಮಾರುವುದನ್ನೇ ಬಿಟ್ಟಿದ್ದರು. ಬೀರುವಿನಲ್ಲಿ ಉಳಿದ ಖಾಲಿ ಸೀಡಿ ಮೂರೇ. ಮಧ್ಯಾಹ್ನ ಮೂರಕ್ಕೆ ಒಂದು ಮಗುವಿನ ಶಸ್ತ್ರಚಿಕಿತ್ಸೆ, ಅಷ್ಟರೊಳಗೆ ರಕ್ತದ ವರದಿ ಬೇಕು. ಅಕ್ಕ ಯಂತ್ರದ ಬಳಿ ಹೋಗಿದ್ದಾಗ, ಭೇಷ್ ಅನ್ನಿಸಿಕೊಳ್ಳುವ ಆತುರದಲ್ಲಿ ನಾನೇ ಸೀಡಿ ಬರೆಯಲು ಕೂತೆ. ಇಡೀ ಸೀಡಿಯ ಪಡಿಯಚ್ಚನ್ನು ಒಂದೇ ಕಡತದಲ್ಲಿ ಅಡಕಮಾಡಿದ ಇಮೇಜ್ ಫೈಲನ್ನು ಬಿಡಿಸಿ ಬರೆಯುವ ಬದಲು, ಮಾಮೂಲಿ ಫೈಲಿನಂತೆ ಇಡಿಯಾಗಿ ನಕಲಿಸಿದೆ. ಊಟದ ಬದಲು ಅಡುಗೆ ಪುಸ್ತಕ ಬಡಿಸಿದಂತೆ. ಮುದಿ ಕಂಪ್ಯೂಟರು ಮಿಸುಕಲಿಲ್ಲ. ದೋಷ ಸೀಡಿಯದೇ ಎಂದುಕೊಂಡು ಎರಡನೆಯದನ್ನೂ ಹಾಗೇ ಹಾಳುಮಾಡಿದೆ.

ಅಕ್ಕ ಬಂದು ಪರದೆ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು. ಅವರು ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಕೊನೆಯ ಸೀಡಿಯನ್ನು ನನ್ನ ಕೈಗೇ ಕೊಟ್ಟರು.

“ನೀವೇ ಮಾಡಿ ಅಕ್ಕ, ಇದೂ ಹಾಳಾದ್ರೆ ಮತ್ತೊಂದಿಲ್ಲ” ಅಂದೆ.

“ಹಾಳಾಗಲ್ಲ ಬಿಡು. ‘ಇಮೇಜ್ ಬರೆ’ ಅಂತಿದೆಯಲ್ಲ, ಅದನ್ನ ಒತ್ತು. ವೇಗ ಕಡಿಮೆ ಇಡು. ನಾನಿಲ್ಲೇ ಕೂತಿರ್ತೀನಿ.”

ಇಪ್ಪತ್ತು ನಿಮಿಷಕ್ಕೆ ಸೀಡಿ ಸಿದ್ಧವಾಯಿತು. ಮುದಿ ಕಂಪ್ಯೂಟರು ಎದ್ದಿತು. ಎರಡು ಗಂಟೆಗೆ ರಕ್ತಪರೀಕ್ಷಾ ಯಂತ್ರವೂ ಎದ್ದಿತು, ಎರಡೂವರೆಗೆ ವರದಿ ಶಸ್ತ್ರಚಿಕಿತ್ಸಕರ ಕೈ ಸೇರಿತು. ಮೇಲಧಿಕಾರಿ ವಿಚಾರಿಸಿದಾಗ ಅಕ್ಕ, ಹಾಳಾದ ಎರಡನ್ನು ತಮ್ಮ ತಪ್ಪೆಂದು ಹೇಳಿಕೊಂಡು, ಮೂರನೆಯದರ ಮೇಲೆ ನನ್ನ ಹೆಸರು ಬರೆದರು.

ಹನ್ನೆರಡು ವರ್ಷಗಳಿಂದ ಆ ಯಂತ್ರ ಮಲಗಿದಾಗಲೆಲ್ಲ ಅದೇ ಸೀಡಿ ಹೊರಬರುತ್ತದೆ, ಮೇಲಿನ ಹೆಸರು ಓದಿದವರು ನನ್ನನ್ನು ಗೌರವದಿಂದ ನೋಡುತ್ತಾರೆ. ಅಕ್ಕನ ಶಿಷ್ಯ ಎನ್ನುವುದು ನನ್ನ ದೊಡ್ಡ ಹೆಮ್ಮೆ. ಆ ಗೌರವವನ್ನು ಸುಮ್ಮನೆ ಉಂಡದ್ದು ನನ್ನ ನಾಚಿಕೆ. ಬಡಾವಣೆಯ ಗ್ರಂಥಾಲಯದಲ್ಲಿ ಧೂಳು ಹಿಡಿದಿರುವ ಕಂಪ್ಯೂಟರುಗಳನ್ನು ಇನ್ನು ಮುಂದೆ ಎಬ್ಬಿಸಹೊರಟಿರುವ ಅವರಿಗೆ ಆಯುಸ್ಸು, ಆರೋಗ್ಯ, ಬೇಕಾದಷ್ಟು ಖಾಲಿ ಸೀಡಿಗಳು ಸಿಗಲಿ. ಬೀರುವಿನ ಕೀಲಿ ಈಗ ನನ್ನಲ್ಲಿದೆ. ಇಂದು ಬೆಳಗ್ಗೆ ಆ ಸೀಡಿಯನ್ನು ಹೊರತೆಗೆದು, ನನ್ನ ಹೆಸರಿನ ಮೇಲ್ಗಡೆ ಅವರ ಹೆಸರು ಬರೆದಿಟ್ಟಿದ್ದೇನೆ.