ಪದ್ಮಕ್ಕ ತೊಳೆದ ಗೆರೆ

ಮಿತ್ರರೇ, ನಮ್ಮ ಬಾವಿ ಉಳಿಯಿತು! ಮಾಟುಂಗದ ನಮ್ಮ ಹಳೆಯ ಚಾಳಿನ ಪಕ್ಕದಲ್ಲಿ ಲಿಫ್ಟ್ ಇರುವ ಐದು ಮಹಡಿಯ ಬಿಲ್ಡಿಂಗ್ ಏಳಲಿದೆಯಲ್ಲ, ಅದಕ್ಕೆಂದು ಎಳೆದ ಸುಣ್ಣದ ಗೆರೆ ನಿನ್ನೆ ಸಂಜೆ ನಮ್ಮ ಅಂಗಳಕ್ಕೇ ನುಗ್ಗಿ ಬಾವಿಯನ್ನೂ ನುಂಗಿತ್ತು. ಇವತ್ತು ಬೆಳಿಗ್ಗೆ ಓವರ್‌ಸಿಯರ್ ಬಂದು ನೋಡಿದರೆ ಗೆರೆಯೇ ಇಲ್ಲ. ಅಲ್ಲಿದ್ದದ್ದು ಕೆಳಮನೆಯ ಪದ್ಮಕ್ಕನ ರಂಗೋಲಿ.

"ನನ್ನ ಗೆರಿ ಯಾರು ಅಳಿಸಿದ್ರಿ?" ಎಂದು ಆ ಧಾರವಾಡದ ಮನುಷ್ಯ ಕೂಗಾಡಿದ.

"ಅಂಗಳ ತೊಳೆಯದೆ ರಂಗೋಲಿ ಹಾಕುದುಂಟಾ ಮಾರಾಯ್ರೆ?" ಎಂದರು ಉಡುಪಿಯ ಪದ್ಮಕ್ಕ. "ಬೇಕಾದ್ರೆ ಇನ್ನೊಮ್ಮೆ ಅಳತೆ ಮಾಡಿ. ರಂಗೋಲಿ ಮಾತ್ರ ಮೆಟ್ಟಬೇಡಿ."

ಅವನು ಗೊಣಗುತ್ತಲೇ ಚಪ್ಪಲಿ ಕಳಚಿ, ರಂಗೋಲಿಯನ್ನು ಸುತ್ತಿಕೊಂಡು ಹೋಗಿ, ಗಡಿಕಲ್ಲಿನಿಂದ ಟೇಪು ಹಿಡಿದ. ಗೆರೆ ಬಾವಿಯಿಂದ ಎಂಟು ಅಡಿ ಆಚೆಗೇ ನಿಂತಿತು!

"ನಿನ್ನೆ ಮುಸ್ಸಂಜಿ ಆಗಿತ್ರಿ, ಕಲ್ಲು ಕಾಣ್ಲಿಲ್ಲ. ನುಗ್ಗಿಗಿಡದಿಂದ ಅಳತಿ ಹಿಡದಿದ್ದೆ, ತಪ್ಪಾತ್ರಿ" ಎಂದು ತಲೆ ಕೆರೆದುಕೊಂಡ.

ಬಾವಿ ಉಳಿಸಲು ನಾವು ನಾಲ್ವರು ಗಂಡಸರು ಕೂತು ಇಂಗ್ಲಿಷಿನಲ್ಲಿ ಬರೆದ ಮನವಿಪತ್ರ ಇನ್ನೂ ನನ್ನ ಜೇಬಿನಲ್ಲೇ ಇದೆ. ಪದ್ಮಕ್ಕನಿಗೆ ಒಂದು ಕೊಡ ನೀರು ಸಾಕಾಯಿತು, ಅದೂ ಅದೇ ಬಾವಿಯದು.