ಗಿರಣಿ ಗೇಟಿನ ಜೋಡಕ್ಕ

ಮೂರು ದಿನದಿಂದ ಹುಚ್ಚು ಹಿಡಿದಂತೆ ಬೀಸುತ್ತಿದ್ದ ಗಾಳಿ ಈ ಶನಿವಾರ ಬೆಳಗಿನ ಜಾವ ದಣಿದು ನಿಂತಿದೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿದೆ. ರಸ್ತೆಯ ತುಂಬ ಮುರಿದ ಕಡ್ಡಿ, ಒಣಗಿದ ಎಲೆ, ಯಾವ ಮಾಳಿಗೆಯಿಂದಲೋ ಹಾರಿ ಬಂದ ತಗಡಿನ ಚೂರು. ಐದೂವರೆಗೆಲ್ಲ ಒಬ್ಬ ಹೆಂಗಸು ಸೆರಗು ಬಿಗಿದು, ಹಳೆಯ ಮನೆಯೊಂದರ ಮೆಟ್ಟಿಲಿನಿಂದ ಮೂಲೆಯ ದೀಪದ ಕಂಬದವರೆಗೆ ಗುಡಿಸುತ್ತಿದ್ದಾರೆ.

"ಬರಿಗಾಲಲ್ಲಿ ನಡೆಯೋ ಜನ ಬರ್ತಾರೆ. ದೇವರು ಕಾಯ್ತಾನೆ ನಿಜ, ಆದ್ರೆ ತಗಡಿನ ಚೂರು ಎತ್ತೋಕೆ ಅವನೇ ಬರ್ಬೇಕು ಅಂದ್ರೆ ಹೇಗೆ?" ಎನ್ನುತ್ತಾರೆ, ತಲೆ ಎತ್ತದೆ.

ಊರು ಇವರನ್ನು ಕರೆಯುವುದು ಜೋಡಕ್ಕ ಎಂದು. ವಯಸ್ಸು ಅರವತ್ತೊಂದು. ಯಾತ್ರಿಕರ ಪಾದರಕ್ಷೆಗಳನ್ನು ಈ ಮನೆಯಿಂದ ಗಿರಣಿಯ ಗೇಟಿಗೆ ಕೈಗಾಡಿಯಲ್ಲಿ ಸಾಗಿಸುವುದು ಇವರ ಕೆಲಸ. ಇಪ್ಪತ್ತೆರಡು ವರ್ಷವಾಯಿತು.

ಹೀಗೊಂದು ಕೆಲಸ ಹುಟ್ಟಿಕೊಂಡ ಬಗೆ ಹೇಳಬೇಕು. ಮುಂದೆ ಧರ್ಮಾಧ್ಯಕ್ಷರಾಗಿ ಸಾವಿರಾರು ಜನರಿಗೆ ದಾರಿ ತೋರಿಸಿದ ಗುರುಗಳೊಬ್ಬರು ಈ ಎರಡು ಕೋಣೆಯ ಮನೆಯಲ್ಲಿ ಹುಟ್ಟಿದವರು. ವಿಧವೆ ತಾಯಿ, ಇಬ್ಬರು ಗಂಡುಮಕ್ಕಳು, ಮನೆಗೆಲ್ಲ ಒಂದೇ ಜೊತೆ ಬೂಟು. ಅಣ್ಣ ಅದನ್ನು ಹಾಕಿಕೊಂಡು ನೂಲಿನ ಗಿರಣಿಗೆ ರಾತ್ರಿ ಪಾಳಿಗೆ ಹೋಗುತ್ತಿದ್ದ. ಬೆಳಿಗ್ಗೆ ತಮ್ಮ ಬರಿಗಾಲಲ್ಲಿ ಐದು ಕಿಲೋಮೀಟರ್ ನಡೆದು ಗಿರಣಿಯ ಗೇಟಿಗೆ ಬರುತ್ತಿದ್ದ. ಅಲ್ಲಿ ಅಣ್ಣ ಬೂಟು ಕಳಚಿ ತಮ್ಮನ ಕೈಗಿಡುತ್ತಿದ್ದ. ಬರಿಗಾಲಿನವರನ್ನು ಶಾಲೆ ಒಳಗೆ ಬಿಡುತ್ತಿರಲಿಲ್ಲ. ಬೂಟು ತಮ್ಮನ ಜೊತೆ ಶಾಲೆಗೆ, ಅಣ್ಣ ಬರಿಗಾಲಲ್ಲಿ ಮನೆಗೆ. ಏಳು ವರ್ಷ ಹೀಗೇ ನಡೆಯಿತು.

ಗುರುಗಳ ಬಾಲ್ಯದ ಜಾಡು ಹಿಡಿದು ಬರುವ ಯಾತ್ರಿಕರು ಹುಟ್ಟಿದ ಮನೆ, ಜ್ಞಾನಸ್ನಾನದ ತೊಟ್ಟಿ, ಗಿರಣಿ, ಶಾಲೆ ಎಂದು ಸಾಗುತ್ತಾರೆ. ಮನೆಯಿಂದ ಗಿರಣಿಯವರೆಗೆ ಬರಿಗಾಲು. ಮೊದಮೊದಲು ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡು ನಡೆಯುತ್ತಿದ್ದರು. ಅರ್ಧ ದಾರಿಯಲ್ಲಿ ಜಪಸರಕ್ಕೂ ಲೇಸಿಗೂ ಗಂಟು ಬೀಳುತ್ತಿತ್ತು. ಅದೇ ಹೊತ್ತಿಗೆ ಗಿರಣಿ ಮುಚ್ಚಿತು, ನೂಲು ಸುತ್ತುತ್ತಿದ್ದ ಜೋಡಕ್ಕನ ಕೈ ಖಾಲಿಯಾಯಿತು. ಆಗಿನ ಫಾದರ್ ಒಂದು ಕೈಗಾಡಿ ತೋರಿಸಿ, "ಆಗುತ್ತಾ ಅಮ್ಮಾ?" ಎಂದರು. "ಆಗದೆ ಏನು" ಎಂದರು ಇವರು. ಅಷ್ಟೇ ಸಂದರ್ಶನ.

ವರ್ಷಕ್ಕೆ ಐದು ತಿಂಗಳು, ವಾರಕ್ಕೆ ಮೂರು ದಿನ, ದಿನಕ್ಕೆ ಮೂವತ್ತರಿಂದ ನಲವತ್ತು ಜೊತೆ. ಯಾತ್ರಿಕರದು ಐದು ಕಿಲೋಮೀಟರ್. ಜೋಡಕ್ಕನದು ಕಾಲುವೆ ದಂಡೆಯ ಒಳದಾರಿ, ಮೂರೂವರೆ. ಆದರೆ ಗಾಡಿ ತಳ್ಳಿಕೊಂಡು, ಎರಡು ಏರು ಹತ್ತಿ, ಅವರಿಗಿಂತ ಮೊದಲು ಗೇಟಿನಲ್ಲಿರಬೇಕು. ಒಂದು ಸಲವೂ ತಡವಾಗಿಲ್ಲ.

ಚೀಟಿ ಇಲ್ಲ, ನಂಬರಿಲ್ಲ. ಮನೆಯ ಕಲ್ಲುಕಟ್ಟೆಯ ಮೇಲೆ ಕೂತು ಬೂಟು ಕಳಚಿದವರ ಮುಖವನ್ನು ಜೋಡಕ್ಕ ನೋಡುವುದೇ ಇಲ್ಲ. ಪಾದ ನೋಡುತ್ತಾರೆ. ಗೇಟಿನಲ್ಲಿ ತಗ್ಗಾದ ಮಣೆ ಹಾಕಿ ಕೂತರೆ ಎದುರಿಗೆ ಬಂದು ನಿಲ್ಲುವುದೂ ಪಾದಗಳೇ. ಹೆಬ್ಬೆರಳ ಗಂಟು, ಸೊಟ್ಟ ಕಿರುಬೆರಳು, ಒಡೆದ ಹಿಮ್ಮಡಿ ನೋಡಿ ಅವರವರ ಜೊತೆಯನ್ನು ಎತ್ತಿ ಎರಡೂ ಕೈಯಿಂದ ಕೊಡುತ್ತಾರೆ. ಯಾರೂ ತಾವೇ ಆರಿಸಿಕೊಳ್ಳುವಂತಿಲ್ಲ. ಅಣ್ಣ ಕೈಗೆ ಕೊಡುತ್ತಿದ್ದನಲ್ಲ, ಹಾಗೆ.

"ನಮ್ಮ ಅತ್ತಿಗೆಯನ್ನ ಪೊಲೀಸರು ಕೆಲಸಕ್ಕೆ ತಗೋಬೇಕಿತ್ತು" ಎಂದು ನಗುತ್ತಾರೆ, ಗಾಡಿಯ ಹಿಂದಿನಿಂದ ತಳ್ಳಲು ಬರುವ ನಾದಿನಿ. "ಕಳ್ಳನ ಕಾಲು ತೋರಿಸಿದ್ರೆ ಸಾಕು. ಆದ್ರೆ ಸ್ವಂತ ನಾದಿನಿ ಬೀದೀಲಿ ಎದುರು ಬಂದ್ರೆ ಗುರ್ತು ಸಿಗಲ್ಲ."

"ನೀನು ನಿಂತಲ್ಲಿ ನಿಂತಿದ್ರೆ ತಾನೇ ಕಾಲು ನೋಡೋಕೆ" ಎನ್ನುತ್ತಾರೆ ಜೋಡಕ್ಕ.

ಈ ನಗುವಿನ ಅಡಿಯಲ್ಲೊಂದು ಮುಳ್ಳಿದೆ. ಇಪ್ಪತ್ತೆರಡು ವರ್ಷದಲ್ಲಿ ಅವರು ತಪ್ಪಿದ್ದು ಒಂದೇ ಸಲ, ಕಳೆದ ವರ್ಷ. ಇಬ್ಬರು ಗಂಡಸರು, ಎರಡು ಜೊತೆ ಕಪ್ಪು ಬೂಟು, ಒಂದೇ ಅಳತೆ. ಒಬ್ಬರು ರೈಲಿಗೆ ಅವಸರ ಮಾಡುತ್ತಿದ್ದ ವ್ಯಾಪಾರಿ. ಇನ್ನೊಬ್ಬರು ಬೂಟು ಕಳಚಿ ಕೊಟ್ಟರೂ ಕಾಲುಚೀಲ ತೆಗೆದಿರಲಿಲ್ಲ; ಎಲ್ಲರೂ ಹೊರಟ ಮೇಲೆ ಮೂಲೆಯಲ್ಲಿ ನಿಂತು ತೆಗೆದಿದ್ದರು. ಹಾಗಾಗಿ ಆ ಪಾದವನ್ನು ಜೋಡಕ್ಕ ಮೊದಲು ನೋಡಿಯೇ ಇರಲಿಲ್ಲ. ಗೇಟಿನಲ್ಲಿ ಅಂದಾಜಿನ ಮೇಲೆ ಕೊಟ್ಟರು; ವ್ಯಾಪಾರಿ ಕಾಲಿಗೆ ಹಾಕದೆ ಕೈಯಲ್ಲಿ ಹಿಡಿದೇ ಓಡಿದರು. ಮೂರನೆಯ ದಿನ ವ್ಯಾಪಾರಿಗೆ ಕೊಟ್ಟಿದ್ದ ಜೊತೆ ಬಸ್ ಕಂಡಕ್ಟರ್ ಕೈಯಲ್ಲಿ ವಾಪಸ್ ಬಂತು. ಜೊತೆಗೊಂದು ಚೀಟಿ: 'ಇದು ನನ್ನದಲ್ಲ. ನನ್ನದನ್ನು ಕಳಿಸಿ.'

ಜೋಡಕ್ಕ ಎಡಗಾಲಿನ ಬೂಟಿನೊಳಗೆ ಕೈ ಹಾಕಿದರು. ಹಿಮ್ಮಡಿಯ ಜಾಗದಲ್ಲಿ ಹಸಿರು ಉಣ್ಣೆಯ ದಪ್ಪ ಬಟ್ಟೆಯನ್ನು ಪದರ ಪದರವಾಗಿ ಕತ್ತರಿಸಿ, ಅಂಟಿಸಿ, ಎರಡು ಬೆರಳು ಎತ್ತರದ ಮೆತ್ತೆ ಮಾಡಿದ್ದರು. ಒಂದು ಕಾಲು ಗಿಡ್ಡ ಇದ್ದವರ ಬೂಟು ಅದು.

"ಬೇರೆಯವರದಾಗಿದ್ರೆ ಬಿಗಿಯಾಗ್ತಿತ್ತು, ಸಡಿಲಾಗ್ತಿತ್ತು, ಅಷ್ಟೇ. ಇವರು ನನ್ನಿಂದ ಕುಂಟುತ್ತಾ ಮನೆಗೆ ಹೋದ್ರಲ್ಲ" ಎನ್ನುತ್ತಾರೆ ಈಗಲೂ.

ಅವರು ಯಾರೆಂದು ಯಾರಿಗೂ ಗೊತ್ತಿಲ್ಲ. ಕೊನೆಯ ಗಳಿಗೆಯಲ್ಲಿ ಗುಂಪಿಗೆ ಸೇರಿಕೊಂಡವರು, ಪಟ್ಟಿಯಲ್ಲಿ ಹೆಸರಿಲ್ಲ. ಚರ್ಚಿನ ಸಮಿತಿ ಕೂತು ತೀರ್ಮಾನಿಸಿತು: ಇನ್ನು ಮೇಲೆ ವ್ಯಾನು, ನಂಬರಿನ ಚೀಲ. ಜೋಡಕ್ಕ ಎದುರಾಡಲಿಲ್ಲ. "ತರಿಸಿ ಫಾದರ್. ಆದ್ರೆ ಈ ಜೊತೆ ಅದರ ಕಾಲಿಗೆ ಮುಟ್ಟೋ ತನಕ ಗಾಡಿ ನನ್ನ ಕೈಲಿರ್ಲಿ. ತಪ್ಪು ಮಾಡಿ ಜಾಗ ಖಾಲಿ ಮಾಡಿದ್ಲು ಅನ್ನಿಸ್ಕೊಳ್ಳೋಕೆ ನಾನು ತಯಾರಿಲ್ಲ" ಎಂದರು. ಸಮಿತಿ ಒಂದು ವರ್ಷ ಕೊಟ್ಟಿತು. ಇವತ್ತು ಈ ವರ್ಷದ ಕೊನೆಯ ನಡಿಗೆ.

ವರ್ಷವಿಡೀ ಹುಡುಕಿದ್ದಾರೆ. ಬಂದ ಪ್ರತಿ ಗುಂಪಿನ ಮುಖಂಡರನ್ನು ತಡೆದು ಕೇಳಿದ್ದಾರೆ. ಯಾರೇ ಬರಲಿ, ಕಾಲುಚೀಲ ತೆಗೆದ ಮೇಲೆಯೇ ಬೂಟು ಮುಟ್ಟುವುದು. ಕೊನೆಗೆ ಸುಳಿವು ಸಿಕ್ಕಿದ್ದು ಚರ್ಚಿನೊಳಗೇ. ಎರಡು ತಿಂಗಳ ಹಿಂದೆ ಹಳೆಯ ಆರ್ಗನ್ ವಾದ್ಯದ ರಿಪೇರಿಗೆ ಬಂದವರು ಅದರ ಬೆರಳೊತ್ತುವ ಮನೆಗಳನ್ನು ಬಿಚ್ಚಿ ಹರವಿದ್ದರು. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಜೋಡಕ್ಕನ ಕಣ್ಣಿಗೆ ಬಿತ್ತು: ಒಂದೊಂದು ಮನೆಯ ಕೆಳಗೂ ಅದೇ ಹಸಿರು ಉಣ್ಣೆ. ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿ ಬೂಟು ತಂದರು.

"ಇದು ನಮ್ಮ ಕಸುಬಿನ ಬಟ್ಟೆ, ಅಂಗಡೀಲಿ ಸಿಗಲ್ಲ" ಎಂದರು ರಿಪೇರಿಯವರು.

"ಹಾಗಾದ್ರೆ ನಿಮ್ಮ ಕಸುಬಿನಲ್ಲಿ ಎಡಗಾಲು ಎಳೆಯೋರು ಯಾರಿದ್ದಾರೆ?"

"ಒಬ್ರಿದ್ದಾರೆ, ದೂರದ ಪೇಟೆಯಲ್ಲಿ. ಮಾತು ಕಮ್ಮಿ. ಕೊಡಿ, ನಾನೇ ಮುಟ್ಟಿಸ್ತೀನಿ."

ಜೋಡಕ್ಕ ಕೊಡಲಿಲ್ಲ. ಕೊನೆಯ ನಡಿಗೆಯ ದಿನ ಬನ್ನಿ ಎಂದು ಒಂದು ಕಾಗದ ಬರೆಸಿ ಕೊಟ್ಟರು, ಅಷ್ಟೇ. ನಾದಿನಿ ಹಣೆ ಚಚ್ಚಿಕೊಂಡರು: "ಕೊಟ್ಟು ಕೈ ತೊಳ್ಕೋಬಾರ್ದಿತ್ತಾ ಅತ್ತಿಗೆ?"

"ಕಾಲು ನೋಡದೆ ಕೊಡ್ಲಾ? ಅದೇ ತಪ್ಪು ಎರಡನೇ ಸಲ ಮಾಡ್ಲಾ?"

ಕಾಗದಕ್ಕೆ ಉತ್ತರ ಬರಲಿಲ್ಲ.

ಏಳು ಗಂಟೆಗೆ ಯಾತ್ರಿಕರು ಬರುತ್ತಾರೆ, ಮೂವತ್ತೊಂದು ಮಂದಿ. ಕಟ್ಟೆಯ ಮೇಲೆ ಒಬ್ಬೊಬ್ಬರಾಗಿ ಕೂರುತ್ತಾರೆ. ಜೋಡಕ್ಕ ಅರವತ್ತೆರಡು ಪಾದ ನೋಡುತ್ತಾರೆ. ಆ ಪಾದ ಅವುಗಳಲ್ಲಿಲ್ಲ. ಕೈ ಮಾತ್ರ ನಿಲ್ಲುವುದಿಲ್ಲ. ಮೂವತ್ತೊಂದು ಜೊತೆ ಗಾಡಿಗೆ ಏರುತ್ತವೆ. ಮೇಲೆ ಒಂದು ಬಟ್ಟೆಯ ಚೀಲ, ಅದರೊಳಗೆ ವರ್ಷವಿಡೀ ಎಣ್ಣೆ ಹಚ್ಚಿ ಮೃದು ಮಾಡಿಟ್ಟ ಕಪ್ಪು ಬೂಟು.

ಏರಿನಲ್ಲಿ ಗಾಡಿ ಮುಲುಗುತ್ತದೆ. ಉಸಿರಿಗಾಗಿ ನಿಂತಾಗ ಜೋಡಕ್ಕ ಹೇಳುತ್ತಾರೆ: "ಎಲ್ರೂ ತಮ್ಮನ ದಾರೀಲಿ ನಡೀತಾರೆ. ನಡೀಲಿ, ಗುರುಗಳು ದೊಡ್ಡವರು. ಆದ್ರೆ ರಾತ್ರಿಯೆಲ್ಲ ನಿಂತು ದುಡಿದು, ಬರಿಗಾಲಲ್ಲಿ ಮನೆಗೆ ಹೋದೋನು ಅಣ್ಣ. ಅವನ ಹೆಸರು ಒಂದು ಹಲಗೆ ಮೇಲೂ ಇಲ್ಲ. ವರ್ಷಕ್ಕೊಂದು ಸಲ ಬಲಿಪೂಜೇಲಿ ಓದಿದ್ರೆ ಸಾಕಿತ್ತು." ಮತ್ತೆ ಗಾಡಿಗೆ ಎದೆ ಕೊಡುತ್ತಾರೆ.

ಗಿರಣಿಯ ಗೇಟಿಗೆ ತುಕ್ಕು ಹಿಡಿದಿದೆ. ಒಂಬತ್ತೂವರೆಗೆ ಜಪದ ದನಿ ತಿರುವಿನಲ್ಲಿ ಕೇಳುತ್ತದೆ, ಆಮೇಲೆ ಪಾದಗಳು ಬರುತ್ತವೆ. ಇದು ನಿಮ್ಮದು, ಇದು ನಿಮ್ಮದು. ಒಂದೂ ಅದಲುಬದಲಾಗುವುದಿಲ್ಲ. ಮೂವತ್ತೊಂದನೆಯ ಜೊತೆ ಹೋದ ಮೇಲೆ ಫಾದರ್ ಬಗ್ಗಿ, "ನಡೀರಿ ಅಮ್ಮಾ, ಪೂಜೆಗೆ ಹೊತ್ತಾಯ್ತು" ಎನ್ನುತ್ತಾರೆ.

"ನೀವು ಮುಂದೆ ಹೋಗಿ ಫಾದರ್. ಇನ್ನೊಂದು ಜೊತೆ ಇದೆ."

"ಅವರು ಬರ್ದಿದ್ರೆ?"

"ಬರೋ ತನಕ ಕೂತಿರ್ತೀನಿ. ಮಣೆ ನಂದೇ, ಬಾಡಿಗೆ ಇಲ್ವಲ್ಲ."

ಗುಂಪು ಶಾಲೆಯ ಕಡೆ ಸಾಗುತ್ತದೆ. ನಾದಿನಿ ನೆರಳಿಗೆ ಸರಿಯುತ್ತಾರೆ. ಜೋಡಕ್ಕ ಬಿಸಿಲಲ್ಲೇ ಕೂತಿದ್ದಾರೆ. ಹನ್ನೊಂದಾಗುತ್ತದೆ.

ಹನ್ನೊಂದೂಕಾಲಿಗೆ ತಿರುವಿನಲ್ಲಿ ಒಬ್ಬರು ಕಾಣಿಸುತ್ತಾರೆ. ಬರಿಗಾಲು, ಹೆಗಲಿಗೆ ಚೀಲ, ನಿಧಾನದ ನಡಿಗೆ. ಕಟ್ಟೆಯ ಮೇಲೆ ಎಲ್ಲರ ಎದುರು ಕಾಲು ತೋರಿಸಲಾರದೆ, ಗುಂಪು ಹೊರಟು ಎಷ್ಟೋ ಹೊತ್ತಾದ ಮೇಲೆ ಒಬ್ಬರೇ ಹೊರಟವರು. ಜೋಡಕ್ಕ ಕಣ್ಣು ನೆಲಕ್ಕೆ ಇಳಿಸುತ್ತಾರೆ. ಬಲಗಾಲು ಪೂರಾ ಊರುತ್ತದೆ. ಎಡಗಾಲಿನ ಹಿಮ್ಮಡಿ ನೆಲ ಮುಟ್ಟುವುದಿಲ್ಲ.

"ಕೂತ್ಕೊಳ್ಳಿ ಅಣ್ಣಾ" ಎಂದು ಮಣೆ ಬಿಟ್ಟುಕೊಟ್ಟು, ಎಡ ಅಂಗಾಲಿನ ಧೂಳನ್ನು ತಮ್ಮ ಸೆರಗಿನಿಂದ ಒರೆಸುತ್ತಾರೆ. ಬೂಟಿನ ಒಳಗೆ ಸವೆದ ಗುರುತಿಗೂ ಬೆರಳ ಬುಡದ ದಡ್ಡುಗಟ್ಟಿದ ಚರ್ಮಕ್ಕೂ ತಾಳೆ ನೋಡುತ್ತಾರೆ. ಆಮೇಲೆ ಎರಡೂ ಕೈಯಿಂದ ಜೊತೆ ಎತ್ತಿ ಕೊಡುತ್ತಾರೆ.

ಬಂದವರು ಬೂಟಿನೊಳಗಿನ ಮೆತ್ತೆಯನ್ನು ಬೆರಳಿನಿಂದ ಸವರುತ್ತಾರೆ. "ನಂಗೆ ಆವತ್ತೇ ಗೊತ್ತಾಯ್ತು ಅಕ್ಕಾ, ಇಲ್ಲೇ, ಹಾಕ್ಕೊಂಡ ತಕ್ಷಣ. ನಾಲ್ಕು ಜನರ ಮುಂದೆ ಒಳಗಿನ ಮೆತ್ತೆ ತೋರಿಸಿ ಇದು ನಂದು ಅನ್ನೋಕೆ ನಾಚಿಕೆ ಆಯ್ತು. ಸುಮ್ನೆ ಹೋಗ್ಬಿಟ್ಟೆ. ತಪ್ಪು ನಿಮ್ಮ ತಲೆಗೆ ಬಂತು."

"ಕಾಲು ನೋಡದೆ ಕೊಟ್ಟಿದ್ದು ನಾನು."

"ನೋಡೋಕೆ ನಾನು ಬಿಟ್ರೆ ತಾನೇ?"

"ಸರಿ, ಅರ್ಧ ನಿಮ್ದು, ಅರ್ಧ ನಂದು. ಈಗ ಲೇಸ್ ಕಟ್ಕೊಳ್ಳಿ" ಎನ್ನುತ್ತಾರೆ ಜೋಡಕ್ಕ.

ಅವರು ಕಟ್ಟಿಕೊಂಡು ಎದ್ದು ನಿಲ್ಲುತ್ತಾರೆ. ಎರಡು ಹೆಗಲೂ ಸಮನಾಗಿವೆ. ಆಮೇಲೆ ತಮ್ಮ ಚೀಲ ಬಿಚ್ಚಿ, ಆ ದಿನದ ನಂತರ ಮತ್ತೆ ಕಾಲಿಗೆ ಹಾಕದ ವ್ಯಾಪಾರಿಯ ಬೂಟುಗಳನ್ನು ಹೊರತೆಗೆದು, ಜೋಡಕ್ಕನ ಕೈಗಿಡುತ್ತಾರೆ.