ಪಾಚಿ ಮಾಮನ ಹಟ
ಹಿತ್ತಿಲ ಈಜುಕೊಳ ಹಸಿರುಗಟ್ಟಿದಾಗ ನಮ್ಮ ಬಡಾವಣೆಯವರಿಗೆ ನೆನಪಾಗುವುದು ಪಾಚಿ ಮಾಮ. ಬಂದವನೇ ನೀರಿನತ್ತ ಮೂಗೊಡ್ಡಿ, ವೈದ್ಯನ ಗತ್ತಿನಲ್ಲಿ 'ಬಹಳ ದಿನದಿಂದ ಯಾರೂ ಇಳಿದಿಲ್ಲ' ಎನ್ನುತ್ತಾನೆ. 'ಮೊದಲು ಬಾಡಿಗೆದಾರರನ್ನ ಖಾಲಿ ಮಾಡಿಸೋಣ' ಎಂದು ಕಪ್ಪೆಗಳನ್ನು ಬಕೆಟ್ಟಿನಲ್ಲಿ ಸಾಗಿಸುತ್ತಾನೆ. ಆಮೇಲೆ ಉದ್ದ ಕೋಲಿನ ಬಲೆ, ಪಂಪು, ಬ್ರಶ್ಶು, ಬ್ಲೀಚಿಂಗ್ ಪುಡಿ. ಟೈಲ್ಸಿನ ನೀಲಿ ಕಾಣುವವರೆಗೆ ಉಜ್ಜುತ್ತಾನೆ. ಹೊಸ ನೀರು ತುಂಬಿದ ಮೇಲೂ ಹೊರಡುವುದಿಲ್ಲ. ಮನೆಯವರೊಬ್ಬರು ಕಾಲಿಡಲೇಬೇಕು, ಯಾರೂ ಇಳಿಯದ ನೀರು ಮತ್ತೆ ಪಾಚಿಗಟ್ಟುತ್ತದೆ ಎಂಬುದು ಆತನ ವಾದ. ಗಂಡ ತೀರಿಕೊಂಡ ಮೇಲೆ ಹಿತ್ತಿಲ ಬಾಗಿಲನ್ನೇ ತೆರೆಯದಿದ್ದ ಹೆಂಗಸೊಬ್ಬರು ಈಚೆಗೆ ಮಗಳ ಒತ್ತಾಯಕ್ಕೆ ಅವನನ್ನು ಕರೆಸಿದ್ದರು. ಕೊಳ ತುಂಬಿದ ಮೇಲೆ ಆಕೆ ದಡದಲ್ಲೇ ನಿಂತು, 'ನೋಡಿದ್ನಲ್ಲ, ಸಾಕು. ಹೊರಡಪ್ಪ' ಎಂದರು. 'ನಂಗೇನೂ ಅವಸರ ಇಲ್ಲ ಅಕ್ಕಾ' ಎಂದು ಆತ ಪೈಪು ಸುತ್ತುತ್ತ ಕೂತ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಕೊನೆಗೆ ಆಕೆ ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲಿಗೆ ಇಳಿದು, 'ಕೊರೀತಿದೆ' ಎಂದರು. 'ಯಜಮಾನ್ರು ಇದ್ದಾಗಲೂ ಹೀಗೇ ಇತ್ತಾ?' ಎಂದು ಮಾಮ ಕೇಳಿದ. 'ಹೀಗೇ. ಅವರು ಮುಂಚೆ ಇಳಿದು, ಬೆಚ್ಚಗಿದೆ ಬಾರೇ ಅಂತ ಸುಳ್ಳು ಹೇಳೋರು.' ಹಾಗೆನ್ನುತ್ತ ಆಕೆ ಎರಡನೆಯ ಮೆಟ್ಟಿಲಿಗೂ ಇಳಿದರು.